ಬನ್ನಿ ಕೊಡೋ ಹೊತ್ತಿಗೆ ಬಂದ ರಾಕೆಟ್

2024ರ ಅಕ್ಟೋಬರ್ 13, ರವಿವಾರ. ದಸರಾದ ಮರುದಿನ. ಆವತ್ತು ಸಂಜೆ ನಮ್ಮ ಹುಬ್ಬಳ್ಳಿ ಮನೆಯ ಬಾಗಿಲು ಹಾಕುವ ಹಾಗೇ ಇರಲಿಲ್ಲ. ಹಿಂದಿನ ದಿನ ಬರಲಾಗದವರೆಲ್ಲ ಬನ್ನಿ ಎಲೆ ಹಿಡಿದು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನೋದು, ಸಣ್ಣವರು ಕಾಲು ಮುಟ್ಟೋದು, ಅವ್ವ ಒಳಗಿಂದ ಚೂಡಾ, ಶೇಂಗಾ ಉಂಡಿ ತರೋದು. ನಾನು ಮಾತ್ರ ಗಡಿಯಾರ ನೋಡುತ್ತಿದ್ದೆ. 5:55ಕ್ಕೆ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ದೈತ್ಯ ರಾಕೆಟ್ ಸ್ಟಾರ್‌ಶಿಪ್‌ನ ಐದನೇ ಪರೀಕ್ಷಾ ಹಾರಾಟ.

ಈ ಹುಚ್ಚು ನನಗೆ ಹತ್ತಿದ್ದು ಮೊದಲ ಹಾರಾಟದಲ್ಲೇ, 2023ರ ಏಪ್ರಿಲ್ 20ರಂದು. ನಾಲ್ಕು ನಿಮಿಷಕ್ಕೆ ಗಿರಗಿರ ತಿರುಗಿ ಚೂರುಚೂರಾಯಿತು. ಮರುದಿನ ಆಫೀಸಿನಲ್ಲಿ "ನಿಮ್ಮ ರಾಕೆಟ್ ಪಟಾಕಿ ಆತಂತಲ್ರೀ" ಅಂತ ನಕ್ಕರು. ನಮ್ಮ ರಾಕೆಟ್ ಅಂತೆ! ಆಮೇಲೆ ನಾಲ್ಕನೆಯದನ್ನು 2024ರ ಜೂನ್ 6ರಂದು ಧಾರವಾಡದಿಂದ ಬರುವಾಗ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ನೋಡಿದೆ. ವಾಪಸು ವಾತಾವರಣಕ್ಕೆ ಇಳಿಯುವಾಗ ಅದರ ರೆಕ್ಕೆ ಕಾದು, ಹಪ್ಪಳ ಮುರಿದ ಹಾಗೆ ಚೂರು ಉದುರುತ್ತಿತ್ತು. ಕ್ಯಾಮೆರಾದ ಗಾಜೂ ಸೀಳಿತ್ತು. ಆದರೂ ಆ ಸುಟ್ಟ ರೆಕ್ಕೆ ಅಲ್ಲಾಡಿಸುತ್ತಲೇ ಸಮುದ್ರಕ್ಕೆ ಮೆತ್ತಗೆ ಇಳಿಯಿತು. ನಾನು ಇಳಿಯಬೇಕಾದ ಸ್ಟಾಪ್ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ.

ಈ ಸಲ ಮೊಬೈಲನ್ನು ಟಿವಿಗೆ ಜೋಡಿಸಿ ಕೂತೆ. ಅಪ್ಪ ಸೀರಿಯಲ್ ಹೋಯಿತಲ್ಲ ಅಂತ ಮುಖ ಗಂಟು ಹಾಕಿಕೊಂಡೇ ಪಕ್ಕದಲ್ಲಿ ಕೂತ.

ಅಪ್ಪ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತಿ ಆದವನು. ರೈಲಿನ ಡಬ್ಬಿಯನ್ನು ಕ್ರೇನಿನಿಂದ ಎತ್ತಿ, ಕೆಳಗಿನ ಗಾಲಿಗಳನ್ನು ಬೇರೆ ಮಾಡಿ, ರಿಪೇರಿ ಆದ ಮೇಲೆ ಡಬ್ಬಿಯನ್ನು ಮತ್ತೆ ಅವುಗಳ ಮೇಲೆ ಕೂರಿಸುವ ಕಡೆ ಅವನ ಅರ್ಧ ಆಯುಷ್ಯ ಹೋಗಿದೆ. ಖಂಡೇಪೂಜೆಗೆ ಹಚ್ಚಿದ ಕುಂಕುಮ ಅವನ ಹಳೇ ಸ್ಪ್ಯಾನರುಗಳ ಮೇಲೆ ಇನ್ನೂ ಹಾಗೇ ಇತ್ತು. ಅವನ ಮುಂದೆ ಯಾವುದೇ ಯಂತ್ರದ ಬಗ್ಗೆ ಜಾಸ್ತಿ ಮಾತಾಡುವುದು ಕಷ್ಟ.

"ಎಷ್ಟ ಎತ್ತರ ಐತಿ?" ಅಂದ.

"121 ಮೀಟರ್. ನಮ್ಮ ಸ್ಟೇಷನ್ನಿನ ಆ ಉದ್ದನ್ನ ಪ್ಲಾಟ್‌ಫಾರ್ಮ್ ಐತೆಲ್ಲ, 1507 ಮೀಟರಿಂದು, ಅದರ ಮ್ಯಾಲ ಇಂಥಾವು ಹನ್ನೆರಡು ಮಲಗಸಬಹುದು."

ಈ ಲೆಕ್ಕ ಅವನಿಗೆ ಹಿಡಿಸಿತು. ಸುಮ್ನೆ ಕೂತ.

ಟೆಕ್ಸಾಸಿನ ಬೋಕಾ ಚಿಕಾದಲ್ಲಿ ಆಗ ಬೆಳಗಿನ 7:25. ಅಲ್ಲಿ ಹೊತ್ತು ಹುಟ್ಟುವ ಹೊತ್ತು, ನಮ್ಮ ಓಣಿಯಲ್ಲಿ ದೀಪ ಹಚ್ಚುವ ಹೊತ್ತು. 33 ಎಂಜಿನುಗಳು ಒಟ್ಟಿಗೆ ಹೊತ್ತಿಕೊಂಡವು. ದ್ರವ ಮೀಥೇನ್, ದ್ರವ ಆಮ್ಲಜನಕ ಸುಡುವ ಎಂಜಿನುಗಳು. ಮೇಲೆ ಹೋಗುವುದನ್ನು ಅಪ್ಪ ಅಂಥಾ ಮನಸ್ಸಿಟ್ಟು ನೋಡಲಿಲ್ಲ. ಎರಡೂವರೆ ನಿಮಿಷ ಕಳೆದ ಮೇಲೆ ಕೆಳಗಿನ ಭಾಗ ಬೇರ್ಪಟ್ಟು ವಾಪಸು ತಿರುಗಿತು ನೋಡಿ, ಆಗ ಎದ್ದು ಕೂತ.

"ಕಾಲ ಇಲ್ಲಲ್ಲಲೇ ಅದಕ್ಕ. ಹೆಂಗ ಇಳಿತೈತಿ?"

"ಇಳಿಯಂಗಿಲ್ಲಪಾ. ಹಿಡಿತಾರ."

"ಯಾರ ಹಿಡಿತಾರ?"

"ಅದು ಹಾರಿದಲ್ಲೇ ನಿಂತೈತೆಲ್ಲ, ಆ ಟವರ್."

ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡ. ಕಾಲು ಜೋಡಿಸಿದರೆ ಆ ಭಾರವನ್ನು ಪ್ರತಿ ಸಲವೂ ಹೊರಬೇಕು, ಅದಕ್ಕೇ ಕಾಲನ್ನು ರಾಕೆಟ್ಟಿಗೆ ಕೊಡದೆ ಕೈಯನ್ನು ಟವರಿಗೆ ಕೊಟ್ಟಿದ್ದಾರೆ ಅಂತ ಹೇಳಿದೆ. ಹಿಡಿಯುವುದು ಗ್ಯಾರಂಟಿ ಏನಿರಲಿಲ್ಲ. ಎಲ್ಲ ಸರಿ ಇದೆ ಅಂತ ಅಲ್ಲಿನ ಹಾರಾಟದ ಮುಖ್ಯಸ್ಥರು ಅಪ್ಪಣೆ ಕೊಡಬೇಕು. ಇಲ್ಲಾಂದ್ರೆ ಅದು ತಾನಾಗಿಯೇ ಸಮುದ್ರದ ಕಡೆ ಹೋಗಿ ಬೀಳುತ್ತದೆ. ಅಪ್ಪಣೆ ಸಿಕ್ಕಿತು ಅಂತ ನೇರಪ್ರಸಾರದಲ್ಲಿ ಹೇಳಿದಾಗ ನನಗೆ ಹೊಟ್ಟೆಯಲ್ಲಿ ಹೆಂಗೋ ಆಯಿತು.

ಅದೇ ಹೊತ್ತಿಗೆ ಬಾಜೂ ಮನೆಯ ಕಾಕಾ ಬನ್ನಿ ಹಿಡಿದು ಬಾಗಿಲಿಗೆ ಬಂದರು. "ಬರ್ರಿ ಕಾಕಾ, ಕೂಡ್ರಿ" ಅಂದೆ, ಟಿವಿಯಿಂದ ಕಣ್ಣು ತೆಗೆಯದೆ. ಕೂಡಲಿಲ್ಲ. ಎಲೆ ಹಿಡಿದ ಕೈ ಹಾಗೇ ಮುಂದೆ ಚಾಚಿಕೊಂಡು ಅವರೂ ನಿಂತು ನೋಡತೊಡಗಿದರು.

71 ಮೀಟರಿನ ಕೊಳವೆ ಸುಮ್ನೆ ಕಲ್ಲಿನ ಹಾಗೆ ಬೀಳುತ್ತಿತ್ತು. ನೆಲ ಹತ್ತಿರ ಬಂದಾಗ 13 ಎಂಜಿನು ಹೊತ್ತಿಕೊಂಡವು. ಸರಿಯಾಗಿ ಆಗಲೇ ಟಿವಿ ತುಂಬ "ಗದಗ ಮೌಶಿ" ಅಂತ ಮೂಡಿತು. ದಸರಾ ಫೋನು. ಕಟ್ ಮಾಡಿದೆ. ಮೌಶಿ ಇವತ್ತಿಗೂ ಅದನ್ನು ಮರೆತಿಲ್ಲ, ಹೋದಾಗೆಲ್ಲ ಎತ್ತಾಡುತ್ತಾಳೆ.

ಚಿತ್ರ ವಾಪಸು ಬಂದಾಗ ಮೂರೇ ಎಂಜಿನು ಉರಿಯುತ್ತಿದ್ದವು. ಕೊಳವೆ ಸ್ವಲ್ಪ ವಾಲಿಕೊಂಡು ಟವರಿನ ಕಡೆ ಜಾರುತ್ತಿತ್ತು, ಬುಡದ ಪಕ್ಕದಲ್ಲಿ ಬೆಂಕಿ. ಪಕ್ಕಕ್ಕೆ ನೋಡಿದರೆ ಅಪ್ಪನ ಬಲಗೈ ಮೇಲೆದ್ದಿತ್ತು. ಅಂಗೈ ಕೆಳಗೆ ಮಾಡಿ, ಬೆರಳು ಬಿಡಿಸಿ, ಗಾಳಿಯನ್ನು ಒತ್ತಿದ ಹಾಗೆ ಸಣ್ಣಗೆ ಕೆಳಗಿಳಿಸುತ್ತಿದ್ದ. "ಸಾವಕಾಶ... ಸಾವಕಾಶ..." ಮೇಲೆ ಕೂತ ಕ್ರೇನಿನವನಿಗೆ ಕೊಡುವ ಸನ್ನೆ ಅದು. ಸಣ್ಣವನಿದ್ದಾಗ ಅವನು ಅಲ್ಮಾರಿ ಸರಿಸುವಾಗಲೂ ಹೀಗೇ ಮಾಡುತ್ತಿದ್ದ. ಎರಡೂ ಕೈಗಳು ಕೂಡಿಕೊಂಡವು, ಟವರಿಂದು. ಅಪ್ಪ ಮುಷ್ಟಿ ಬಿಗಿದ. ನಿಲ್ಲಿಸು ಅಂತ.

ನಿಂತಿತು. ಬೆಂಕಿ ಆರಿತು. ಹೊರಟು ಏಳು ನಿಮಿಷ ಆಗಿತ್ತು ಅಷ್ಟೇ.

ನಾನು ಚೀರಿದೆ. ಕಾಕಾ "ಶಾಬ್ಬಾಸ್" ಅಂದರು. ಅಪ್ಪ ಏನೂ ಹೇಳದೆ ಟಿವಿ ಹತ್ತಿರ ಹೋಗಿ ಕನ್ನಡಕ ಏರಿಸಿದ. "ಎದರ ಮ್ಯಾಲ ನಿಂತೈತಿ?" ಮೇಲಿನ ಜಾಲರಿಯಂಥ ರೆಕ್ಕೆಗಳ ಮೇಲೆ ಅಂತ ಬಹಳ ಜನ ತಿಳಿದಿದ್ದಾರೆ, ಅಲ್ಲ. ಅವುಗಳ ಕೆಳಗೆ ಎರಡು ಸಣ್ಣ ಗೂಟಗಳಿವೆ. 200 ಟನ್‌ಗೂ ಜಾಸ್ತಿ ಭಾರ ಅವೆರಡರ ಮೇಲೆ. ಮತ್ತೆ ಮತ್ತೆ ತೋರಿಸಿದರು, ಅವನು ಗೂಟಗಳನ್ನೇ ನೋಡಿದ. "ಎತ್ತೂದು ದೊಡ್ಡದಲ್ಲ, ಕೂಡ್ರಸೂದು ದೊಡ್ಡದು" ಅಂದು ಕಾಕಾನ ಕೈಯಿಂದ ಬನ್ನಿ ತಗೊಂಡ. ಎಲೆ ಅಷ್ಟೊತ್ತಿಗೆ ಕಾಕಾನ ಬೆವರಿಗೆ ಮುದುಡಿತ್ತು.

ಮೇಲಿನ ಭಾಗ ಇನ್ನೂ ಹಾರುತ್ತಿತ್ತು. ವಾತಾವರಣಕ್ಕೆ ಹೊಕ್ಕಾಗ ಸುತ್ತ ಹಬ್ಬಿದ ಗುಲಾಬಿ ಬೆಳಕು, ಹಿಂದೂ ಮಹಾಸಾಗರದ ಕತ್ತಲಲ್ಲಿ ನೀರು ಮುಟ್ಟಿದ್ದು, ಅಡ್ಡ ಬಿದ್ದು ಸ್ಫೋಟ ಆಗಿದ್ದು, ಎಲ್ಲ ನಾನೊಬ್ಬನೇ ನೋಡಿದೆ. ಏಳು ಗಂಟೆ ಆಗಿತ್ತು. ಅಪ್ಪ ಕಾಕಾನ ಜೊತೆ ಓಣಿಯಲ್ಲಿ ಬನ್ನಿ ಕೊಡಲು ಹೋಗಿದ್ದ.

ಎಂಟೂವರೆಗೆ ಬಂದ. ಚಪ್ಪಲಿ ಬಿಡುತ್ತಲೇ ಕೇಳಿದ: "ಅದನ್ನ ಕೆಳಗ ಇಳಿಸಿದ್ರೇನು, ಇನ್ನೂ ಹಂಗ ಜೋತ ಬಿಟ್ಟಾರೋ?"