ಬಿಸಿಯಾದಾಗ ಮಾತ್ರ ಬರುವ ಮಿಸ್ಸಿಂಗ್

ನನ್ನ ಗ್ಯಾರೇಜಿನ ಮುಂದೆ ಮೇಷ್ಟ್ರು ಕಾರಿನಿಂದ ಇಳಿದವರೇ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗೆ ಕೊಟ್ಟರು. ಬಿಚ್ಚಿ ತೆಗೆದ ನಾಲ್ಕು ಪ್ಲಗ್, ಒಂದು ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ತೊಳೆಸಿದ ರಸೀದಿ ಅದರಲ್ಲಿದ್ದವು. 2007ರ ಪೆಟ್ರೋಲ್ ಕಾರನ್ನು ಅವರು ಕೊಂಡು ಮೂರು ತಿಂಗಳಾಗಿತ್ತು. ಪಿಂಚಣಿ ಹಣದಲ್ಲಿ 11,000 ರೂಪಾಯಿ ಆಗಲೇ ರಿಪೇರಿಗೆ ಹೋಗಿತ್ತು. ಆದರೂ ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಮಿಸ್ಸಿಂಗ್ ಹೊಡೆಯುವುದು, ಅಂದರೆ ಒಂದು ಸಿಲಿಂಡರ್ ಉರಿಯದೆ ತಪ್ಪಿ ಎಂಜಿನ್ ನಡುಗುವುದು, ನಿಂತಿರಲಿಲ್ಲ.

ಎಂಜಿನ್ನಿನ ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0303 ಎಂದು ತೋರಿಸಿತು. ಅಂದರೆ ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಏಕೆ ಎಂಬುದನ್ನು ಈ ಕೋಡ್ ಹೇಳುವುದಿಲ್ಲ. ಕಿಡಿ, ಪೆಟ್ರೋಲ್, ಕಂಪ್ರೆಷನ್ (ಸಿಲಿಂಡರಿನೊಳಗೆ ಅದುಮಿದಾಗಿನ ಒತ್ತಡ) ಈ ಮೂರರಲ್ಲಿ ಯಾವುದು ಕೈಕೊಟ್ಟರೂ ಅದೇ ಕೋಡ್ ಬರುತ್ತದೆ. ಕಿಡಿ ಕೊಡುವ ಮೂರನೆಯದರ ಕಾಯಿಲನ್ನೂ ಪ್ಲಗನ್ನೂ ಒಂದನೇ ಸಿಲಿಂಡರಿಗೆ ದಾಟಿಸಿದೆ. ದೋಷ ಅವುಗಳದಾಗಿದ್ದರೆ ಕೋಡ್ ಪಿ0301ಕ್ಕೆ ಬದಲಾಗಬೇಕಿತ್ತು. ಬದಲಾಗಲಿಲ್ಲ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅದಲುಬದಲು ಮಾಡಿದರೂ ಅದೇ ಕಥೆ. ಹೊಸ ಸಾಮಾನು ತರುವ ಮೊದಲು ಇಷ್ಟನ್ನು ಮಾಡಲು ಒಂದು ರೂಪಾಯಿಯೂ ಬೇಡ. ಹಿಂದಿನವರು ಇದನ್ನು ಮಾಡಿರಲಿಲ್ಲ ಎಂಬುದಕ್ಕೆ ಆ ಚೀಲವೇ ಸಾಕ್ಷಿ.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಎಂಜಿನ್ನಿಗೆ ಬೆಳಿಗ್ಗೆಯೇ ಕಂಪ್ರೆಷನ್ ಗೇಜ್ ಹಾಕಿದೆ. ಒತ್ತಡದಲ್ಲಿ ಉಳಿದ ಮೂರು ಸಿಲಿಂಡರ್ 160ರ ಆಸುಪಾಸಿನಲ್ಲಿದ್ದವು, ಮೂರನೆಯದು 145 ಪಿಎಸ್‌ಐ. ಹಳೆಯ ಗಾಡಿಗೆ ಇಷ್ಟು ವ್ಯತ್ಯಾಸ ಇದ್ದದ್ದೇ ಎಂದುಕೊಂಡು ವೈರಿಂಗ್ ಹುಡುಕುತ್ತಾ ಅರ್ಧ ದಿನ ಕಳೆದೆ.

ಮಧ್ಯಾಹ್ನ ಮೇಷ್ಟ್ರು ಬಂದಾಗ, ಮೊದಲೇ ಕೇಳಬೇಕಿದ್ದುದನ್ನು ಕೇಳಿದೆ. “ಮೇಷ್ಟ್ರೇ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನಡುಗುತ್ತದೆಯೇ?”

“ಇಲ್ಲಪ್ಪ, ಬೆಳಿಗ್ಗೆ ಏನೂ ಇರುವುದಿಲ್ಲ. ಹೈವೇಯಲ್ಲೂ ಗೊತ್ತಾಗುವುದಿಲ್ಲ. ಹರಿಹರ ತಲುಪಿ ಊರೊಳಗೆ ಎಲ್ಲಾದರೂ ನಿಲ್ಲಿಸಿದೆನೋ, ಆಗ ಶುರು.”

ಕಾರನ್ನು ಅರ್ಧ ಗಂಟೆ ಓಡಿಸಿ ತಂದು, ಎಂಜಿನ್ ಬಿಸಿಯಿರುವಾಗಲೇ ಮತ್ತೆ ಗೇಜ್ ಹಾಕಿದೆ. ಮೂರನೆಯದು 100ಕ್ಕೆ ಕುಸಿದಿತ್ತು. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ನೋಡಿದರೂ ಮುಳ್ಳು ಏರಲಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ಮುಚ್ಚಿ ಮುಳ್ಳು ಏರುತ್ತಿತ್ತು. ಹಾಗಾದರೆ ಒತ್ತಡ ಸೋರುತ್ತಿರುವುದು ವಾಲ್ವಿನಿಂದ, ಅಂದರೆ ಸಿಲಿಂಡರಿನ ದಾರಿ ತೆರೆದು ಮುಚ್ಚುವ ಕವಾಟದಿಂದ.

ಆಗ ಒಂದು ಅನುಮಾನ ಬಂದು ಡಿಕ್ಕಿ ತೆರೆದೆ. ಮ್ಯಾಟ್ ಎತ್ತಿದರೆ ಕೆಳಗೆ ಪುಟ್ಟಿ ತುಂಬಿ ಬಣ್ಣ ಬಳಿದ ನಾಲ್ಕು ಬೋಲ್ಟ್ ತೂತುಗಳು. ಗ್ಯಾಸ್ ಟ್ಯಾಂಕ್ ಕೂರಿಸಿದ್ದ ಗುರುತು. ಈ ಕಾರು ವರ್ಷಗಟ್ಟಲೆ ಗ್ಯಾಸಿನಲ್ಲಿ ಓಡಿತ್ತು. ಮಾರುವ ಮೊದಲು ಕಿಟ್ ಬಿಚ್ಚಿದ್ದರು. ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂದಿತು.

ಗ್ಯಾಸಿಗೆಂದೇ ಗಟ್ಟಿ ಸೀಟ್ ಹಾಕಿರದ ಹಳೆಯ ಎಂಜಿನ್‌ಗಳಲ್ಲಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟ್ ಬೇಗ ಸವೆಯುತ್ತದೆ. ಸೀಟ್ ಸವೆದಂತೆ ವಾಲ್ವ್, ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನೊಳಕ್ಕೆ ಮೇಲೇರಿ, ಟ್ಯಾಪೆಟ್ಟಿನ (ವಾಲ್ವನ್ನು ಒತ್ತಿ ತೆರೆಯುವ ಭಾಗದ) ಸಂದು ಕಿರಿದಾಗುತ್ತಾ ಹೋಗುತ್ತದೆ. ಸಡಿಲವಾದ ಟ್ಯಾಪೆಟ್ ಟಕಟಕ ಎಂದು ಸದ್ದು ಮಾಡಿ ತಿಳಿಸುತ್ತದೆ, ಬಿಗಿಯಾದದ್ದು ಸದ್ದೇ ಮಾಡುವುದಿಲ್ಲ. ಎಂಜಿನ್ ಕಾದಾಗ ವಾಲ್ವ್ ಉದ್ದವಾಗಿ, ಉಳಿದಿದ್ದ ಕೂದಲೆಳೆಯಷ್ಟು ಸಂದೂ ಮುಗಿದು, ಪೂರ್ತಿ ಮುಚ್ಚಿಕೊಳ್ಳಲಾರದು. ವೇಗವಾಗಿ ಓಡುವಾಗ ಸೋರಲು ಸಮಯ ಸಾಲದು, ಆದ್ದರಿಂದ ಹೈವೇಯಲ್ಲಿ ದೋಷ ಅಡಗಿರುತ್ತದೆ. ಗಾಡಿ ನಿಂತು ಎಂಜಿನ್ ಮಾತ್ರ ತಿರುಗುವ ಐಡ್ಲಿಂಗಿನಲ್ಲಿ ಬಯಲಾಗುತ್ತದೆ. ಮೇಷ್ಟ್ರು ಹೇಳಿದ್ದು ಇದನ್ನೇ, ಅಕ್ಷರಶಃ.

ಮರುದಿನ ಎಂಜಿನ್ ಆರಿದ ಮೇಲೆ ಕವರ್ ತೆಗೆದೆ. ಮೂರನೆಯದರ ಎಕ್ಸಾಸ್ಟ್ ಟ್ಯಾಪೆಟ್ಟಿಗೆ ಸಂದು ಅಳೆಯುವ 0.05 ಮಿ.ಮೀ. ಫೀಲರ್ ಪಟ್ಟಿ ಕೂಡ ತೂರಲಿಲ್ಲ. ಲಾಕ್‌ನಟ್ ಸಡಿಲಿಸಿ 0.20ಕ್ಕೆ ಕೂರಿಸಿದೆ. ಬಿಸಿ ಕಂಪ್ರೆಷನ್ 150ಕ್ಕೆ ಏರಿತು, ನಡುಕ ನಿಂತಿತು. ಗ್ಯಾಸ್ಕೆಟ್ ಸೇರಿ ಬಿಲ್ 900 ರೂಪಾಯಿ.

ಇದು ಪೂರ್ತಿ ಗುಣವಲ್ಲ, ಸೀಟ್ ಸವೆದದ್ದು ಸವೆದದ್ದೇ ಎಂದು ಅವರಿಗೆ ಬಿಡಿಸಿ ಹೇಳಿದೆ. ಸಂದು ಮತ್ತೆ ಮುಚ್ಚಿದರೆ ಬಿಸಿ ಬಿಟ್ಟುಕೊಡಲಾಗದೆ ವಾಲ್ವಿನ ಅಂಚು ಸುಡುತ್ತದೆ, ಆಗ ಹೆಡ್ ಇಳಿಸಲೇಬೇಕು. ಅಲ್ಲಿಯವರೆಗೆ 5,000 ಕಿ.ಮೀ.ಗೊಮ್ಮೆ ಅಳೆಯೋಣ ಎಂದು ಒಪ್ಪಿದೆವು. ಈಗ ಗ್ಯಾರೇಜಿನ ಹುಡುಗರಿಗೆ ಒಂದು ಕಟ್ಟುನಿಟ್ಟು ಮಾಡಿದ್ದೇನೆ: ಮಿಸ್ಸಿಂಗ್ ಎಂದು ಬಂದ ಗಾಡಿಗೆ ಸ್ಪ್ಯಾನರ್ ಹಿಡಿಯುವ ಮೊದಲು, ಅದು ತಣ್ಣಗಿರುವಾಗಲೋ ಬಿಸಿಯಲ್ಲೋ, ನಿಂತಾಗಲೋ ಓಡುವಾಗಲೋ ಎಂದು ಕೇಳಿ ಜಾಬ್ ಕಾರ್ಡಿನಲ್ಲಿ ಬರೆಯಬೇಕು.

ಕಳೆದ ವಾರ ಮೇಷ್ಟ್ರು ಮೊದಲ ಅಳತೆಗೆ ಬಂದಿದ್ದರು. ಸಂದು 0.18 ಇತ್ತು. ಅದನ್ನು ತಮ್ಮ ಡೈರಿಯಲ್ಲಿ ತಾರೀಖಿನ ಸಮೇತ ಬರೆದುಕೊಂಡು ಹೋದರು.