ಸದಸ್ಯತ್ವದ ಅರ್ಜಿ ಮತ್ತು 7170 ಆರ್‌ಪಿಎಂ

ಬೆಂಗಳೂರು, 15 ಸೆಪ್ಟೆಂಬರ್ 2024, ಭಾನುವಾರ

ಇಂದು ಇಂಜಿನಿಯರುಗಳ ದಿನ. ಪೇಟ ತೊಟ್ಟ ವಿಶ್ವೇಶ್ವರಯ್ಯನವರ ಅದೇ ಭಾವಚಿತ್ರ ಬೆಳಗಿನಿಂದ ಹತ್ತಾರು ಗುಂಪುಗಳಿಂದ ಫೋನಿಗೆ ಬಂದು ಬಿದ್ದಿದೆ. 1930ರ ದಶಕದಲ್ಲಿ ಈ ದೇಶದಲ್ಲೊಂದು ಮೋಟಾರು ಕಾರ್ಖಾನೆ ಆಗಬೇಕೆಂದು ಅವರು ಓಡಾಡಿದ್ದನ್ನು ಮಾತ್ರ ಯಾವ ಶುಭಾಶಯವೂ ನೆನೆಯುವುದಿಲ್ಲ. ಅದಿರಲಿ. ಯಾವ ಇಂಜಿನಿಯರಿಂಗ್ ಸಂಘದ ಸದಸ್ಯನಾಗಬೇಕೆಂಬುದನ್ನು ಮೂರು ತಿಂಗಳಿಂದ ಮುಂದೂಡುತ್ತಲೇ ಬಂದಿದ್ದ ನಾನು, ಇವತ್ತು ಅದನ್ನು ತೀರ್ಮಾನಿಸಿಯೇ ಏಳಬೇಕೆಂದು ಕುಳಿತೆ.

ಈ ಯೋಚನೆ ಹುಟ್ಟಿದ್ದು ಜೂನ್‌ನಲ್ಲಿ. ಪೀಣ್ಯದಲ್ಲಿರುವ ನಮ್ಮ ಸಣ್ಣ ಕಂಪನಿ ಲಾರಿ, ಬಸ್ಸುಗಳಿಗೆ ಟ್ರ್ಯಾಕಿಂಗ್ ಸಾಧನಗಳನ್ನು ತಯಾರಿಸುತ್ತದೆ. ಇಂಜಿನ್ನಿನ ವೇಗ, ಕೂಲೆಂಟಿನ ಉಷ್ಣತೆ ಮುಂತಾದವನ್ನು ಆ ಸಾಧನ ವಾಹನದೊಳಗಿನ ಎಲೆಕ್ಟ್ರಾನಿಕ್ ಘಟಕಗಳು ಪರಸ್ಪರ ಸಂದೇಶ ಕಳುಹಿಸುವ ‘ಕ್ಯಾನ್’ ಎಂಬ ಜಾಲದಿಂದ ಓದಿಕೊಳ್ಳುತ್ತದೆ. ಪರೀಕ್ಷೆಗೆ ಬಂದ ಡೀಸೆಲ್ ಲಾರಿಯೊಂದು 700 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 700 ಸುತ್ತಿನಲ್ಲಿ, ಐಡ್ಲಿಂಗ್ ಆಗುತ್ತ ನಿಂತಿದ್ದಾಗ ನಮ್ಮ ಪರದೆ 7170 ಎಂದು ತೋರಿಸಿತು. ಅಷ್ಟು ವೇಗಕ್ಕೆ ಆ ಇಂಜಿನ್ ತಿರುಗಿದ್ದರೆ ನಾವ್ಯಾರೂ ಅದರ ಪಕ್ಕದಲ್ಲಿ ನಿಂತಿರುತ್ತಿರಲಿಲ್ಲ. ಭಾರಿ ವಾಹನಗಳು ಪಾಲಿಸುವ, ವಾಹನ ಇಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ1939 ಮಾನದಂಡದಲ್ಲಿ ಇಂಜಿನ್ ವೇಗವನ್ನು ಎರಡು ಬೈಟುಗಳಲ್ಲಿ ಕಳುಹಿಸುತ್ತಾರೆ; ಒಂದು ಅಂಕೆಗೆ ಒಂದು ಆರ್‌ಪಿಎಂನ ಎಂಟನೆಯ ಒಂದು ಭಾಗ, ಮತ್ತು ಕೆಳಗಿನ ಬೈಟು ಮೊದಲು. 700 ಎಂದರೆ 5600 ಅಂಕೆ (21×256 + 224), ಅಂದರೆ ಮೊದಲು 224, ಆಮೇಲೆ 21. ನಾನು ಈ ಕ್ರಮವನ್ನು ತಿರುವುಮುರುವಾಗಿ ಓದಿದ್ದರಿಂದ ಅದು 57365 (224×256 + 21) ಆಗಿ, ಎಂಟರಿಂದ ಭಾಗಿಸಿದಾಗ ದಶಮಾಂಶ ಬಿಟ್ಟು 7170 ಬಂದಿತ್ತು. ಯಾರೋ ಎಲ್ಲಿಂದಲೋ ನಕಲಿಸಿದ ಪಿಡಿಎಫ್ ನಂಬಿ ಕೋಡ್ ಬರೆದದ್ದಕ್ಕೆ ಎರಡು ದಿನ ಹೋಯಿತು. ಮೂಲ ದಾಖಲೆ ಕೈಯಲ್ಲಿದ್ದಿದ್ದರೆ ಹತ್ತು ನಿಮಿಷವೂ ಬೇಕಿರಲಿಲ್ಲ.

ಸಂಘಗಳ ಜಾಹೀರಾತುಗಳನ್ನು ಬದಿಗಿಟ್ಟು, ಕಳೆದೊಂದು ವರ್ಷದ ನನ್ನ ಕೆಲಸದ ಟಿಪ್ಪಣಿ ಪುಸ್ತಕವನ್ನೇ ಇಂದು ತೆರೆದೆ. ಪ್ರತಿಯೊಂದು ಪ್ರಶ್ನೆಯ ಎದುರಿಗೂ ಅದರ ಉತ್ತರ ಯಾವ ದಾಖಲೆಯಲ್ಲಿದೆ ಎಂದು ಬರೆಯುತ್ತ ಹೋದೆ. ಟ್ರ್ಯಾಕಿಂಗ್ ಸಾಧನಕ್ಕೂ ತುರ್ತು ಬಟನ್‌ಗೂ ಸಂಬಂಧಿಸಿದ ಭಾರತೀಯ ಮಾನದಂಡ ಎಐಎಸ್-140, ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದಕ್ಕೆ ಯಾವ ಸಂಘದ ಸದಸ್ಯತ್ವವೂ ಬೇಡ. ಕ್ಯಾನ್‌ನ ಮೂಲ ವಿವರಣೆಯನ್ನು ಬಾಷ್ ಸಂಸ್ಥೆ ಹಿಂದೆಯೇ ಬಹಿರಂಗಪಡಿಸಿದೆ. ಉಳಿದ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಎದುರಿಗೆ ಬಂದದ್ದು ಎಸ್‌ಎಇಯ ಹೆಸರೇ. ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಯವರು ದಿನವೂ ಹೇಳುವ ‘15ಡಬ್ಲ್ಯು-40’ ಎಂಬ ಆಯಿಲ್ ದರ್ಜೆ ಕೂಡ ಅದೇ ಸಂಘದ ಜೆ300 ಮಾನದಂಡದಿಂದ ಬಂದದ್ದು. 1905ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಹೆನ್ರಿ ಫೋರ್ಡ್ ಅವರು ಮೊದಲ ಉಪಾಧ್ಯಕ್ಷರಲ್ಲೊಬ್ಬರಾಗಿದ್ದ ಈ ಸಂಘದ ಡೆಟ್ರಾಯಿಟ್ ಸಮ್ಮೇಳನದಲ್ಲಿಯೇ 1986ರಲ್ಲಿ ಬಾಷ್ ಕ್ಯಾನ್ ಅನ್ನು ಮೊದಲ ಬಾರಿ ಮಂಡಿಸಿತೆಂಬುದನ್ನು ನೆನೆದಾಗ, ನನ್ನ ಅನ್ನದ ಬೇರು ಎಲ್ಲಿದೆ ಎಂಬುದು ಸ್ಪಷ್ಟವಾಯಿತು.

ಬೇರೆ ಸಂಘಗಳ ಬಗ್ಗೆ ನನಗೆ ಅಗೌರವವಿಲ್ಲ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್‌ನ ಕರ್ನಾಟಕ ಕೇಂದ್ರ ಇಲ್ಲೇ ಅಂಬೇಡ್ಕರ್ ವೀಧಿಯಲ್ಲಿದೆ. ಚಾರ್ಟರ್ಡ್ ಇಂಜಿನಿಯರ್ ಪ್ರಮಾಣಪತ್ರ ಬೇಕಾದವರಿಗೆ ಅದು ಸರಿಯಾದ ಜಾಗ, ಆದರೆ ವಾಹನದ ಸಂದೇಶಗಳ ಪಟ್ಟಿಯನ್ನು ಅಲ್ಲಿ ಹುಡುಕಿ ಫಲವಿಲ್ಲ. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಟ್ರಿಪಲ್‌ಇಯ ವೆಹಿಕ್ಯುಲರ್ ಟೆಕ್ನಾಲಜಿ ಸೊಸೈಟಿಯ ಒಲವು ನಿಸ್ತಂತು ಸಂವಹನದ ಕಡೆಗೆ ಹೆಚ್ಚು. ಸಂಶೋಧನೆ ಮಾಡುವ ತಂಗಿಗೆ ಅದನ್ನೇ ಸೂಚಿಸಿದ್ದೇನೆ.

ಆದರೂ ಕೊನೆಯವರೆಗೂ ಕೈ ಹಿಂದೆಗೆಯುವಂತೆ ಮಾಡಿದ ಒಂದು ಸಂಗತಿ ಇತ್ತು. ಎಸ್‌ಎಇ ಸದಸ್ಯನಾದ ಮಾತ್ರಕ್ಕೆ ಮಾನದಂಡಗಳ ಭಂಡಾರವೆಲ್ಲ ತೆರೆದುಕೊಳ್ಳುವುದಿಲ್ಲ. ಬೆಲೆಯಲ್ಲಿ ರಿಯಾಯಿತಿ ಸಿಗಬಹುದು, ದಾಖಲೆಯನ್ನಂತೂ ಕೊಳ್ಳಲೇಬೇಕು. ಸದಸ್ಯತ್ವವೆಂದರೆ ಗ್ರಂಥಾಲಯದ ಕಾರ್ಡೆಂದು ತಿಳಿದಿದ್ದ ನನಗೆ ಇದು ಸ್ವಲ್ಪ ಪೆಚ್ಚೆನಿಸಿತು. ಬಹಳ ಹೊತ್ತು ಯೋಚಿಸಿದ ಮೇಲೆ ಎರಡನ್ನೂ ಬೇರೆ ಬೇರೆ ಮಾಡುವುದೇ ಸರಿಯೆಂದು ತೋರಿತು. ದಾಖಲೆ ಕಂಪನಿಯ ಉಪಕರಣ, ಮಲ್ಟಿಮೀಟರಿನಂತೆ. ಅದನ್ನು ಕಂಪನಿಯೇ ಕೊಳ್ಳಬೇಕು. ನಾನು ನನ್ನ ಕೈಯಿಂದ ಹಣ ಕೊಡುವುದಾದರೆ, ಈ ಕೆಲಸವನ್ನು ನನಗಿಂತ ಮೊದಲು ಮಾಡಿ ತಪ್ಪಿದವರನ್ನು ಎದುರಿಗೆ ಕೂತು ಕೇಳುವ ಅವಕಾಶಕ್ಕೆ ಕೊಡಬೇಕು. ಅದಕ್ಕೆ ಚೆನ್ನೈಯಲ್ಲಿ ಕೇಂದ್ರ ಕಚೇರಿಯಿರುವ ಎಸ್‌ಎಇ ಇಂಡಿಯಾ, ಅದರ ಬೆಂಗಳೂರು ಶಾಖೆ ಸಾಕು.

ಸಂಜೆ ಅರ್ಜಿ ತುಂಬಿದೆ. ನಾಳೆ ಮಾಲೀಕರ ಮೇಜಿನ ಮೇಲಿಡಲು ಜೆ1939ರ ಖರೀದಿ ಬೇಡಿಕೆಯನ್ನೂ ಸಿದ್ಧಪಡಿಸಿದೆ. ‘ಕಾರಣ’ ಎಂಬಲ್ಲಿ ಮೊದಲು ‘7170’ ಎಂದಷ್ಟೇ ಬರೆದಿದ್ದೆ. ಅವರು ಅದನ್ನು ಬೆಲೆಯೆಂದು ತಿಳಿದುಬಿಟ್ಟಾರೆಂದು ಕೆಳಗೆ ಎರಡು ಸಾಲಿನ ವಿವರಣೆ ಸೇರಿಸಿದೆ.