ಮಡಚಿಡೋಕೆ ಆಗದ ರಾತ್ರಿ
ಮಳೆ ಅಂತ ಮನೆಯಲ್ಲೇ ಕೂತು ‘ಮಲೆಗಳಲ್ಲಿ ಮದುಮಗಳು’ ಮತ್ತೆ ಹಿಡಿದಿದ್ದೇನೆ. ಕುವೆಂಪು ಅವರ 1967ರ ಕಾದಂಬರಿ, ಏಳುನೂರು ಪುಟದ ಆಸುಪಾಸು. ನಲವತ್ತು ಪುಟ ಓದಿ ಮಡಚಿಟ್ಟೆ, ಕಾಫಿ ಕುಡಿದೆ, ಕಾದಂಬರಿಯ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲೇ ನಿಂತು ನನಗೆ ಕಾಯ್ತಿದ್ದಾನೆ ಪಾಪ. ನಾಟಕದಲ್ಲಿ ಈ ಸೌಕರ್ಯ ಇಲ್ಲ ನೋಡಿ. ಇದನ್ನೇ 2010ರಲ್ಲಿ ಮೈಸೂರಿನ ರಂಗಾಯಣದವರು ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಬಯಲಲ್ಲಿ ರಾತ್ರಿಯಿಡೀ ಆಡಿದ್ದರು, ಹೆಚ್ಚುಕಡಿಮೆ ಒಂಬತ್ತು ಗಂಟೆ, ಒಂದು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕಿತ್ತು. ಅಲ್ಲಿ ತೂಕಡಿಸಿದರೆ ಮುಗೀತು, ಹೋದ ದೃಶ್ಯ ಹೋದದ್ದೇ. ಪುಟ ಹಿಂದೆ ತಿರುಗಿಸೋಕೆ ಆಗಲ್ವಲ್ಲ!

ಕಾದಂಬರಿಯಲ್ಲಿ ಗುತ್ತಿಯ ಮನಸ್ಸಲ್ಲಿ ಏನಿದೆ ಅಂತ ಕುವೆಂಪು ಆರಾಮಾಗಿ ಹೇಳಿಬಿಡ್ತಾರೆ, ನಾಯಿಯ ಮನಸ್ಸಿಗೂ ಬೇಕಿದ್ದರೆ ಹೊಕ್ಕು ಬರ್ತಾರೆ. ರಂಗದ ಮೇಲೆ ಅದೆಲ್ಲ ಮಾತಲ್ಲೋ ಹಾಡಲ್ಲೋ ಮೈಯಲ್ಲೋ ಕಾಣಬೇಕು, ಇಲ್ಲದಿದ್ದರೆ ಇಲ್ಲ ಅಷ್ಟೇ. ಆದರೆ ಓದುವಾಗ ನಾನೊಬ್ಬನೇ. ನಾಟಕದಲ್ಲಿ ಪಕ್ಕದಲ್ಲಿ ಕಂಬಳಿ ಹೊದ್ದು ಕೂತವರು ನಕ್ಕರೆ ನಮಗೂ ನಗು ಬರುತ್ತೆ, ಅಲ್ವಾ? ನನಗೆ ಯಾವುದು ಜಾಸ್ತಿ ಇಷ್ಟ ಅಂತ ಕೇಳಬೇಡಿ, ಸದ್ಯಕ್ಕೆ ಕಾದಂಬರಿಯ ಕೊನೆಗೆ ಬರೋ ತುಂಗಾ ನದಿಯ ನೆರೆ ಇನ್ನೂ ದೂರ ಇದೆ, ಹುಲಿಯ ಬದುಕಿದ್ದಾನೆ, ಸುಮ್ನೆ ನಿಧಾನಕ್ಕೆ ಓದ್ತಿದ್ದೇನೆ.